ಕೇಳೋದು ಎಲ್ಲಿ? ಲೈಬ್ರರಿಯನ್ನರ ಮಾತಿನ ಕಟ್ಟೆಯ ಚರಿತ್ರೆ

ಭಾಗ 1

ಕಳೆದ ಸರಣಿಯಲ್ಲಿ ಮಂಜರಾಬಾದ್ ಕೋಟೆ ನೋಡಿದ್ವಿ. ಈ ಸಲ ಕಲ್ಲೂ ಇಲ್ಲ, ಕಂದಕಾನೂ ಇಲ್ಲ. ಫೋಟೊದಲ್ಲಿ ಇರೋದು ಲೈಬ್ರರಿಯ ಅಕ್ಸೆಶನ್ ರಿಜಿಸ್ಟರ್. ಉದ್ದನೆಯ ದಪ್ಪ ಪುಸ್ತಕ, ಒಂದೊಂದು ಸಾಲಿನಲ್ಲಿ ಒಂದೊಂದು ಪುಸ್ತಕದ ಜಾತಕ: ನಂಬರು, ತಾರೀಖು, ಲೇಖಕರು, ಶೀರ್ಷಿಕೆ, ಬೆಲೆ, ಎಲ್ಲಿಂದ ಬಂತು. ಸಕಲೇಶಪುರ, ಆಲೂರು ಕಡೆಯ ಮಳೆಗಾಲದಲ್ಲಿ ಇಂಥ ರಿಜಿಸ್ಟರಿನ ಹಾಳೆ ಹೇಗೆ ಮೆತ್ತಗಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಜುಲೈ ಹೊತ್ತಿಗೆ ನಿಮ್ಮ ನೋಟ್ಸ್ ಕೂಡ ಹಾಗೇ ಆಗಿರುತ್ತೆ.

ಈ ರಿಜಿಸ್ಟರನ್ನ ಕಂಪ್ಯೂಟರಿಗೆ ಹತ್ತಿಸೋಕೆ ಹೊರಟ ಲೈಬ್ರರಿಯನ್ನರಿಗೆ ಮೊದಲ ವಾರದಲ್ಲೇ ಏನಾದ್ರೂ ಒಂದು ಕೈಕೊಡುತ್ತೆ. ಕನ್ನಡದ ಹೆಸರು ಡಬ್ಬಿ ಡಬ್ಬಿಯಾಗಿ ಕಾಣುತ್ತೆ, ಇಲ್ಲಾಂದ್ರೆ ಬಾರ್‌ಕೋಡ್ ಪ್ರಿಂಟ್ ಆಗಲ್ಲ, ಇಲ್ಲಾಂದ್ರೆ ಅಪ್‌ಡೇಟ್ ಮಾಡಿದ ಮೇಲೆ ಲಾಗಿನ್ನೇ ಆಗಲ್ಲ. ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್ ಆಗಿದ್ರೆ ಕಂಪನಿಗೆ ಫೋನ್ ಮಾಡಬಹುದು. ಯಾರೂ ಮಾರದ, ಯಾರು ಬೇಕಾದ್ರೂ ಬಳಸಬಹುದಾದ ಮುಕ್ತ ತಂತ್ರಾಂಶ ಆದ್ರೆ? ಫೋನ್ ಮಾಡೋಕೆ ನಂಬರೇ ಇಲ್ಲ. ಅದನ್ನೇ ಬಳಸೋ ಇನ್ನೊಬ್ಬರನ್ನ ಹುಡುಕಿ ಕೇಳಬೇಕು.

ಎಲ್ಲಿ ಹುಡುಕೋದು, ಎಲ್ಲಿ ಕೇಳೋದು? ಲೈಬ್ರರಿಯನ್ನರು ಕಳೆದ ಮೂವತ್ತು ವರ್ಷದಲ್ಲಿ ಇದಕ್ಕೆ ಬೇರೆ ಬೇರೆ ಕಟ್ಟೆ ಕಟ್ಟಿಕೊಂಡಿದ್ದಾರೆ, ಬಿಟ್ಟಿದ್ದಾರೆ, ಒಂದು ಸಲ ಕಳ್ಕೊಂಡೂ ಇದ್ದಾರೆ. ತಂತ್ರಾಂಶ ಆರಿಸೋಕೆ ಎಷ್ಟು ತಲೆ ಓಡಿಸಬೇಕೋ ಮಾತಾಡೋ ಜಾಗ ಆರಿಸೋಕೂ ಅಷ್ಟೇ ಓಡಿಸಬೇಕು ಅನ್ನೋದು ನನ್ನ ವಾದ. ಯಾಕೆ ಅಂತ ಮುಂದೆ ನೋಡಿ.

ಭಾಗ 2

ಮೊದಲು ಇಂಟರ್ನೆಟ್ ಇಲ್ಲದ ಕಾಲ. ಬೆಂಗಳೂರಿನಲ್ಲಿ 1962ರಲ್ಲಿ ಎಸ್.ಆರ್. ರಂಗನಾಥನ್ ಅವರು ಡಿಆರ್‌ಟಿಸಿ ಅನ್ನೋ ತರಬೇತಿ ಸಂಸ್ಥೆ ಶುರು ಮಾಡಿದ್ರು, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಡಿಯಲ್ಲಿ. ಗಣಿತದ ಮೇಷ್ಟ್ರು ಲೈಬ್ರರಿಗೆ ಬಂದು ಇಡೀ ಶಾಸ್ತ್ರವನ್ನೇ ಕಟ್ಟಿದ ಕಥೆ ಅವರದ್ದು. 1931ರಲ್ಲಿ ಬಂದ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸೋದರ ಬಗ್ಗೆ. ಅದನ್ನ ನೆನಪಿಟ್ಟುಕೊಳ್ಳಿ, ಏಳನೇ ಭಾಗದಲ್ಲಿ ಬೇಕಾಗುತ್ತೆ.

ಆಗ ಲೈಬ್ರರಿಯನ್ನರು ಕೇಳ್ತಾ ಇದ್ದದ್ದು ಸೆಮಿನಾರಿನಲ್ಲಿ, ಪತ್ರದಲ್ಲಿ, ಹಳೇ ಸಹಪಾಠಿಗೆ ಟ್ರಂಕ್ ಕಾಲ್ ಹಾಕಿ. 1985ರ ಕೊನೆಗೆ ಯುನೆಸ್ಕೊ ಸಣ್ಣ ಕಂಪ್ಯೂಟರಿನಲ್ಲಿ ಓಡೋ ಸಿಡಿಎಸ್-ಐಸಿಸ್ ಬಿಟ್ಟಿತು. ಪುಸ್ತಕದ ಪಟ್ಟಿ ಮಾಡೋ ತಂತ್ರಾಂಶ, ಫ್ಲಾಪಿಯಲ್ಲಿ ಬರ್ತಿತ್ತು, ದುಡ್ಡಿಲ್ಲ. ಆದ್ರೆ ಒಳಗಿನ ಕೋಡ್ ಯಾರಿಗೂ ಕಾಣ್ತಿರಲಿಲ್ಲ. ಉಚಿತ ಹೌದು, ಮುಕ್ತ ಅಲ್ಲ. ಊಟ ಬಿಟ್ಟಿ ಹಾಕ್ತಾರೆ, ಅಡುಗೆ ಮನೆಗೆ ಮಾತ್ರ ಬಿಡಲ್ಲ ಅನ್ನೋ ಥರ.

ಆ ಕಾಲಕ್ಕೆ ಒಂದು ತೊಂದರೆ ಇತ್ತು. ದೊಡ್ಡ ಊರಿನ, ದೊಡ್ಡ ಸಂಸ್ಥೆಯ ಲೈಬ್ರರಿಯನ್ನರಿಗೆ ಸೆಮಿನಾರಿಗೆ ಹೋಗೋಕೆ ಖರ್ಚು ಸಿಗ್ತಿತ್ತು, ಪರಿಚಯ ಆಗ್ತಿತ್ತು. ತಾಲ್ಲೂಕು ಕೇಂದ್ರದಲ್ಲಿ ಒಬ್ಬರೇ ಕೂತಿರೋ ಲೈಬ್ರರಿಯನ್ನರಿಗೆ ಯಾರ ಪರಿಚಯ? ಗೊತ್ತಿರೋರಿಗೆ ಗೊತ್ತಿರೋರೇ ಗೊತ್ತು.

ಭಾಗ 3

ಆ ಬೇಲಿ ಮೊದಲು ಮುರಿದದ್ದು ನಮ್ಮ ರಾಜ್ಯದಲ್ಲೇ ಅಂದ್ರೆ ನಂಬ್ತೀರಾ?

ಬೆಂಗಳೂರಿನ ಐಐಎಸ್‌ಸಿ, ಅಂದ್ರೆ ನಮ್ಮಜ್ಜಂದಿರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು. ಅಲ್ಲಿ 1983ರಿಂದ ಎನ್‌ಸಿಎಸ್‌ಐ ಅನ್ನೋ ವಿಜ್ಞಾನ ಮಾಹಿತಿ ಕೇಂದ್ರ ಇತ್ತು. ಭಾರತದಲ್ಲಿ ಸಾಮಾನ್ಯ ಜನಕ್ಕೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಐಐಎಸ್‌ಸಿ ಥರದ ಸಂಸ್ಥೆಗಳಿಗೆ ಅದಕ್ಕೂ ಮುಂಚೆಯೇ ಅರ್ನೆಟ್ ಅನ್ನೋ ಶಿಕ್ಷಣ-ಸಂಶೋಧನೆಯ ಜಾಲದ ಮೂಲಕ ಇಮೇಲ್ ಬಂದಿತ್ತು. ಆ ಇಮೇಲನ್ನೇ ಬಳಸಿಕೊಂಡು ಎನ್‌ಸಿಎಸ್‌ಐನವರು 1990ರ ದಶಕದ ನಡುವಿನಲ್ಲಿ ಎಲ್‌ಐಎಸ್-ಫೋರಂ ಶುರು ಮಾಡಿದ್ರು. ಆ ಕೇಂದ್ರವನ್ನ ಮುನ್ನಡೆಸಿದವರಲ್ಲಿ ಟಿ.ಬಿ. ರಾಜಶೇಖರ್ ಅವರ ಹೆಸರು ದೊಡ್ಡದು.

ಮೇಲಿಂಗ್ ಲಿಸ್ಟ್ ಅಂದ್ರೆ ಏನು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ, ತಪ್ಪೇನಿಲ್ಲ. ಒಂದೇ ಒಂದು ವಿಳಾಸ. ಅದಕ್ಕೆ ನೀವು ಪತ್ರ ಹಾಕಿದ್ರೆ ಪಟ್ಟಿಯಲ್ಲಿರೋ ಎಲ್ಲರಿಗೂ ಪ್ರತಿ ಹೋಗುತ್ತೆ. ಯಾರೋ ಉತ್ತರಿಸಿದ್ರೆ ಅದೂ ಎಲ್ಲರಿಗೂ. ಇದರ ಜೊತೆಗೆ ಎಲ್ಲಾ ಪತ್ರಗಳ ಒಂದು ಕಡತ ಬೆಳೀತಾ ಹೋಗುತ್ತೆ. ಫೋಟೊ ಇಲ್ಲ, ಬಣ್ಣ ಇಲ್ಲ, ಲೈಕ್ ಇಲ್ಲ. ಈಗ ನೋಡಿದ್ರೆ ಬೋರು. ಆದ್ರೆ ಪರಿಚಯವೇ ಇಲ್ಲದ ಲೈಬ್ರರಿಯನ್ ಒಬ್ಬರು ಕೂತಲ್ಲಿಂದ ಇಡೀ ದೇಶದ ಲೈಬ್ರರಿಯನ್ನರಿಗೆ ಪ್ರಶ್ನೆ ಹಾಕಬಹುದು ಅನ್ನೋದು ಆವತ್ತಿಗೆ ಸಣ್ಣ ವಿಷಯ ಅಲ್ಲ.

ಅದೇ ಎನ್‌ಸಿಎಸ್‌ಐ 2002ರಲ್ಲಿ ಐಐಎಸ್‌ಸಿಯ ಸಂಶೋಧನಾ ಲೇಖನಗಳನ್ನ ಎಲ್ಲರೂ ಓದೋ ಹಾಗೆ ಇಡೋ ಭಂಡಾರ ತೆರೀತು. ಭಾರತದ ಸಂಸ್ಥೆಗಳಲ್ಲೇ ಮೊದಮೊದಲ ಭಂಡಾರ ಅದು. ಬಳಸಿದ್ದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್ ಅನ್ನೋ ಮುಕ್ತ ತಂತ್ರಾಂಶ. ಅದೇ ವರ್ಷ ಎಂಐಟಿ ಮತ್ತು ಎಚ್‌ಪಿ ಸೇರಿ ಡಿಸ್ಪೇಸ್ ಬಿಟ್ಟವು, ಬೆಂಗಳೂರಿನ ಡಿಆರ್‌ಟಿಸಿ ಅದನ್ನ ಕೈಗೆತ್ತಿಕೊಂಡು ಕಾರ್ಯಾಗಾರ ನಡೆಸ್ತು. ಕಾರ್ಯಾಗಾರ ಮೂರು ದಿನಕ್ಕೋ ವಾರಕ್ಕೋ ಮುಗಿಯುತ್ತೆ. ಊರಿಗೆ ವಾಪಸ್ ಹೋದ ಮೇಲೆ ಬರೋ ಪ್ರಶ್ನೆಗೆ ಉಳಿಯೋದು ಇಮೇಲ್ ಪಟ್ಟಿಯೇ.

ಇದರ ಕೊರೆ ಏನು? ಎಲ್ಲರಿಗೂ ಒಂದೇ ಕಟ್ಟೆ ಆದಾಗ ಕೆಲಸ ಖಾಲಿ ಇದೆ, ಸೆಮಿನಾರ್ ಇದೆ, ಈ ಲೇಖನದ ಪ್ರತಿ ಯಾರ ಹತ್ರ ಇದೆ, ಎಲ್ಲಾ ಅಲ್ಲಿಗೇ. ಸಂತೆಯ ಮಧ್ಯ ನಿಂತು ಗಡಿಯಾರ ರಿಪೇರಿ ಬಗ್ಗೆ ಕೇಳಿದ ಹಾಗೆ. ಅದಕ್ಕೇ ಒಂದೊಂದು ತಂತ್ರಾಂಶಕ್ಕೆ ಅದರದ್ದೇ ಪಟ್ಟಿ ಬೇಕಾಯ್ತು.

ಭಾಗ 4

ಈಗ ನ್ಯೂಜಿಲೆಂಡ್‌ಗೆ ಹೋಗೋಣ. ದಾರಿ ತಪ್ಪಿಲ್ಲ, ನಮ್ಮ ಕಥೆಯ ನಾಯಕ ಅಲ್ಲೇ ಹುಟ್ಟಿದ್ದು.

ಹೊರೋವೆನುವಾ ಅನ್ನೋ ಗ್ರಾಮೀಣ ಜಿಲ್ಲೆ. ಲೆವಿನ್, ಫಾಕ್ಸ್‌ಟನ್, ಶಾನನ್ ಅನ್ನೋ ಸಣ್ಣ ಊರುಗಳು, ಸಣ್ಣ ಲೈಬ್ರರಿಗಳು. 1999ರಲ್ಲಿ ಅವರ ಹಳೇ ಸಾಫ್ಟ್‌ವೇರ್ 2000ನೇ ಇಸವಿಯನ್ನ ದಾಟಲ್ಲ ಅಂತ ಗೊತ್ತಾಯ್ತು, ಅದೇ ವೈ2ಕೆ ಸಮಸ್ಯೆ. ಹೊಸದು ಕೊಳ್ಳೋಕೆ ಹೋದ್ರೆ ಬೆಲೆ ಜಾಸ್ತಿ, ಅದಕ್ಕೆ ಬೇಕಾದ ಟೆಲಿಫೋನ್ ಲೈನಿನ ಖರ್ಚು ಇನ್ನೂ ಜಾಸ್ತಿ. ಕಟಿಪೊ ಅನ್ನೋ ಸಣ್ಣ ಕಂಪನಿಯವರು ಹೇಳಿದ್ರು: ಬ್ರೌಸರಿನಲ್ಲೇ ಓಡೋ ಹಾಗೆ ನಾವೇ ಬರೀತೀವಿ, ಮಾಮೂಲಿ ಫೋನ್ ಲೈನಿನ ಮೋಡೆಮ್ ಸಾಕು. 2000ದ ಜನವರಿಯಲ್ಲಿ ಅದು ಕೆಲಸ ಶುರು ಮಾಡ್ತು. ಹೆಸರು ಕೋಹಾ. ಮಾವೊರಿ ಭಾಷೆಯಲ್ಲಿ ಉಡುಗೊರೆ ಅಂತ ಅರ್ಥ, ಆದ್ರೆ ಬರೀ ಉಡುಗೊರೆ ಅಲ್ಲ, ತಗೊಂಡವರು ಮುಂದೆ ಯಾವಾಗಲಾದ್ರೂ ಕೊಡಬೇಕು ಅನ್ನೋ ಭಾವ ಒಳಗಿರೋದು. ನಮ್ಮ ಕಡೆ ಮದುವೆ ಮನೆಯ ಮುಯ್ಯಿ ಗೊತ್ತಲ್ಲ? ಹೆಚ್ಚುಕಡಿಮೆ ಅದು.

ಅವರು ಕೋಡನ್ನ ಎಲ್ಲರಿಗೂ ಬಿಟ್ಟುಕೊಟ್ರು. ಇವತ್ತು ಭಾರತದ ಎಷ್ಟೋ ಕಾಲೇಜು, ವಿಶ್ವವಿದ್ಯಾಲಯಗಳ ಲೈಬ್ರರಿಯಲ್ಲಿ ಓಡ್ತಿರೋದು ಕೋಹಾ. 2011ರಲ್ಲಿ ಅದರ ಜಾಗತಿಕ ಸಮ್ಮೇಳನ ಮುಂಬೈ ಪಕ್ಕದ ಠಾಣೆಯಲ್ಲೇ ನಡೀತು.

ನನಗೆ ಇದರಲ್ಲಿ ಇಷ್ಟವಾಗೋದು ಒಂದೇ ವಿಷಯ. ಅದು ದೊಡ್ಡ ನಗರದವರು ಹಳ್ಳಿಗೆ ಕೊಟ್ಟ ದಾನ ಅಲ್ಲ. ನಿಧಾನ ಲೈನು, ಕಡಿಮೆ ದುಡ್ಡು, ದೂರ ದೂರದ ಸಣ್ಣ ಶಾಖೆ, ಇದೇ ಅದರ ಹುಟ್ಟಿಗೆ ಕಾರಣ. ಆಲೂರು, ಸಕಲೇಶಪುರ, ಹಾನುಬಾಳ ಅಂತ ಹೆಸರು ಬದಲಿಸಿ ಓದಿ, ಕಥೆ ಹಾಗೇ ಕೂರುತ್ತೆ.

ಭಾಗ 5

ಇದೇ ಸರಣಿಯ ಮುಖ್ಯ ಭಾಗ, ನಿಧಾನಕ್ಕೆ ಓದಿ.

ಕೋಹಾ ಬೆಳೆದ ಹಾಗೆ ಅದರ ಸುತ್ತ ಮಾತಾಡೋ ಜಾಗಗಳೂ ಬೆಳೆದವು. ಇಮೇಲ್ ಪಟ್ಟಿ, ಐಆರ್‌ಸಿ ಅನ್ನೋ ಹಳೇ ಕಾಲದ ಚಾಟ್ ಕೋಣೆ, ಮತ್ತೆ ಕೋಹಾ ಹೆಸರಿನದ್ದೇ ಒಂದು ಜಾಲತಾಣ. 2007ರಲ್ಲಿ ಕಟಿಪೊದ ಕೋಹಾ ವ್ಯವಹಾರವನ್ನ ಲಿಬ್‌ಲೈಮ್ ಅನ್ನೋ ಅಮೆರಿಕದ ಕಂಪನಿ ಕೊಂಡ್ಕೊಳ್ತು. ಮೊದಲು ಯಾರಿಗೂ ಬೇಜಾರಿರಲಿಲ್ಲ, ಆ ಕಂಪನಿಯವರು ಕೋಹಾಗೆ ಒಳ್ಳೇ ಕೆಲಸಾನೇ ಮಾಡಿದ್ರು. 2009ರಲ್ಲಿ ಅವರು ತಮ್ಮ ಗಿರಾಕಿಗಳಿಗೆ ಬೇರೆ ಆವೃತ್ತಿ ಅಂತ ಶುರು ಮಾಡಿದಾಗ ಬಿರುಕು ಬಿತ್ತು. 2010ರಲ್ಲಿ ಲಿಬ್‌ಲೈಮನ್ನೇ ಪಿಟಿಎಫ್‌ಎಸ್ ಅನ್ನೋ ಇನ್ನೊಂದು ಕಂಪನಿ ಕೊಂಡ್ಕೊಳ್ತು.

ಆಗ ಎಲ್ಲರಿಗೂ ಒಂದು ವಿಷಯ ಹೊಳೀತು. ತಂತ್ರಾಂಶದ ಕೋಡ್ ಯಾರೂ ಕಿತ್ತುಕೊಳ್ಳೋಕೆ ಆಗಲ್ಲ, ಅದರ ಪರವಾನಗಿಯೇ ಹಾಗಿದೆ. ಆದ್ರೆ ಜಾಲತಾಣದ ವಿಳಾಸ ಕಂಪನಿಯ ಹೆಸರಲ್ಲಿದೆ! ಹೊಸಬರು ಹುಡುಕಿಕೊಂಡು ಬರೋದು ಆ ವಿಳಾಸಕ್ಕೆ. ಮನೆ ನಮ್ಮದು, ದಾರಿ ಬೇರೆಯವರ ಜಮೀನಿನಲ್ಲಿ ಅಂತಾರಲ್ಲ, ತೋಟದ ಊರಿನವರಿಗೆ ಈ ಜಗಳ ಬಿಡಿಸಿ ಹೇಳಬೇಕಾ?

ಬಳಕೆದಾರರು ಹೊಸ ವಿಳಾಸ ಮಾಡಿಕೊಂಡ್ರು, ಹೆಸರಿಗೆ "ಸಮುದಾಯ" ಅಂತ ಅರ್ಥದ ಪದ ಸೇರಿಸಿ. ಪಟ್ಟಿ, ಬಗ್ ದಾಖಲಿಸೋ ಜಾಗ, ಕೈಪಿಡಿ ಅಂತ ಒಂದೊಂದೇ ಸಾಮಾನು ಹೊತ್ತು ಹೊಸ ಮನೆಗೆ ಬಂದ್ರು. ಸಮುದಾಯದ ಆಸ್ತಿ ಯಾರ ಹೆಸರಲ್ಲಿರಬೇಕು ಅನ್ನೋದಕ್ಕೆ ಮತ ಹಾಕಿ, ಮೊದಲು ಹುಟ್ಟಿಸಿದ ಹೊರೋವೆನುವಾ ಲೈಬ್ರರಿ ಟ್ರಸ್ಟ್ ಹೆಸರಿಗೇ ಒಪ್ಪಿಸಿದ್ರು. 2011ರಲ್ಲಿ ಇನ್ನೊಂದು ಪೆಟ್ಟು: ಕೋಹಾ ಅನ್ನೋ ಹೆಸರನ್ನೇ ನ್ಯೂಜಿಲೆಂಡ್‌ನಲ್ಲಿ ಟ್ರೇಡ್‌ಮಾರ್ಕ್ ಮಾಡಿಸೋ ಅರ್ಜಿ ಮುಂದೆ ಸಾಗಿದೆ ಅಂತ ಸುದ್ದಿ. ಸಣ್ಣ ಊರಿನ ಟ್ರಸ್ಟ್ ವಕೀಲರ ಖರ್ಚಿಗೆ ಪ್ರಪಂಚದ ಲೈಬ್ರರಿಯನ್ನರ ಮುಂದೆ ಕೈಚಾಚಬೇಕಾಯ್ತು. 2013ರ ಕೊನೆಗೆ ಅಲ್ಲಿನ ಅಧಿಕಾರಿಗಳು ಕಂಪನಿಯ ಅರ್ಜಿ ತಳ್ಳಿಹಾಕಿದ್ರು.

ಗಮನಿಸಿ, ಈ ಗಲಾಟೆಯಲ್ಲಿ ಸಮುದಾಯ ಚದುರಲಿಲ್ಲ. ಕಾರಣ ಸರಳ. ಎಲ್ಲಾ ಕಟ್ಟೆಗಳೂ ಒಂದೇ ಕೈಯಲ್ಲಿರಲಿಲ್ಲ. ಒಂದು ಬಾಗಿಲು ಹಾಕಿಕೊಂಡಾಗ ಇನ್ನೊಂದರಲ್ಲಿ ನಿಂತು "ಎಲ್ರೂ ಈ ಕಡೆ ಬನ್ನಿ" ಅಂತ ಕೂಗೋಕೆ ಆಯ್ತು.

ಭಾಗ 6

ಚಿಕ್ಕ ಭಾಗ. ಹೀಗೆ ಕೂಗೋಕೆ ಆಗದೆ ಕಳೆದು ಹೋದದ್ದೂ ಇದೆ.

ಯಾಹೂ ಗ್ರೂಪ್ಸ್ ಹೆಸರು ಕೇಳಿದ್ದೀರಾ? ನಿಮ್ಮ ಅಣ್ಣಂದಿರನ್ನ ಕೇಳಿ. ಭಾರತದ ಎಷ್ಟೋ ವೃತ್ತಿಯವರು, ಲೈಬ್ರರಿಯನ್ನರೂ ಸೇರಿ, ಬಿಟ್ಟಿ ಸಿಗುತ್ತೆ ಅಂತ ಅಲ್ಲಿ ಗುಂಪು ಮಾಡಿಕೊಂಡಿದ್ರು. ವರ್ಷಗಟ್ಟಲೆ ಮಾತು. 2019ರ ಕೊನೆಗೆ ಯಾಹೂ ಹಳೇ ಪತ್ರ, ಕಡತಗಳನ್ನ ತೆಗೀತು, 2020ರ ಡಿಸೆಂಬರ್‌ನಲ್ಲಿ ಪೂರ್ತಿ ಬಾಗಿಲು ಹಾಕ್ತು. ಗೂಗಲ್ ಪ್ಲಸ್ ಅಂತ ಒಂದಿತ್ತು, 2019ರ ಏಪ್ರಿಲ್‌ಗೆ ಅದೂ ಹೋಯ್ತು. ಫ್ರೀನೋಡ್ ಅನ್ನೋ ಪ್ರಸಿದ್ಧ ಐಆರ್‌ಸಿ ಜಾಲದ ಒಡೆತನದ ಜಗಳದಲ್ಲಿ 2021ರ ಮೇ ತಿಂಗಳಲ್ಲಿ ಅಲ್ಲಿನ ಸ್ವಯಂಸೇವಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಅನ್ನೋ ಹೊಸ ಜಾಲ ಕಟ್ಟಿದ್ರು.

ಭಾಗ 7

ಈಗ ನಮ್ಮ ಕಾಲ, ನಮ್ಮ ಬೆಟ್ಟ. ವಾಟ್ಸಾಪ್.

ಅದನ್ನ ಬೈಯೋದು ಸುಲಭ, ನಾನು ಬೈಯಲ್ಲ. ಒಂದು ಕಡ್ಡಿ ಸಿಗ್ನಲ್ಲಿದ್ರೂ ಮೆಸೇಜ್ ಹೋಗುತ್ತೆ. ಟೈಪ್ ಮಾಡೋಕೆ ಬೇಜಾರಾದ್ರೆ ವಾಯ್ಸ್. ಮುಖ್ಯವಾಗಿ ಕನ್ನಡದಲ್ಲಿ, ನಮ್ಮ ಧಾಟಿಯಲ್ಲಿ ಕೇಳಬಹುದು. "ಮೇಡಂ, ಇದು ಯಾಕೋ ಬರ್ತಿಲ್ಲ" ಅಂತ ಸ್ಕ್ರೀನ್‌ಶಾಟ್ ಹಾಕಿದ್ರೆ ಹತ್ತು ನಿಮಿಷದಲ್ಲಿ ಯಾರೋ ಸಹಾಯಕ್ಕೆ ಬರ್ತಾರೆ. ಗ್ರಾಮ ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ಅರಿವು ಕೇಂದ್ರ ಅನ್ನಿಸಿಕೊಂಡಿವೆ. ಅಲ್ಲಿ ಕೆಲಸ ಮಾಡೋರಿಗೆ ಇಂಗ್ಲಿಷ್ ಇಮೇಲ್ ಪಟ್ಟಿಗಿಂತ ಫೋನೇ ಹತ್ತಿರ, ಅದು ಸಹಜ.

ಆದ್ರೆ ನಿಮ್ಮ ಮನೆಯ ಕಾಫಿ ಗ್ರೂಪ್ ತೆರೆದು ನೋಡಿ. ಬಿಳಿ ಕಾಂಡಕೊರಕ ಏಪ್ರಿಲ್ ಹೊತ್ತಿಗೆ ಹಾರೋಕೆ ಶುರು, ಮಳೆ ಮುಗಿದು ಅಕ್ಟೋಬರ್ ಆದ್ರೆ ಇನ್ನೊಂದು ಸುತ್ತು. ಎರಡೂ ಸಲ ಗ್ರೂಪಿನಲ್ಲಿ ಅದೇ ಪ್ರಶ್ನೆ: ಯಾವಾಗ ಹೊಡೆಯೋದು, ಏನು ಹೊಡೆಯೋದು, ಹಿಡಿದ ಗಿಡ ಕಿತ್ತು ಏನ್ ಮಾಡೋದು? ಹೋದ ವರ್ಷ ಯಾರೋ ಚೆನ್ನಾಗಿ ಉತ್ತರ ಬರೆದಿರ್ತಾರೆ. ಅದು ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು, ಎಲೆಕ್ಷನ್ ವಿಡಿಯೊಗಳ ಅಡಿಯಲ್ಲಿ ಹೂತು ಹೋಗಿರುತ್ತೆ. ಮತ್ತೆ ಕೇಳ್ತಾರೆ, ಮತ್ತೆ ಹೇಳ್ತಾರೆ, ಹೇಳೋರು ಒಂದು ದಿನ ಸುಸ್ತಾಗಿ ಸುಮ್ಮನಾಗ್ತಾರೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಬರೆದಿಟ್ಟ ಉತ್ತರ ಎಷ್ಟೋ ಇದೆ. ಗ್ರೂಪಿಗೆ ಮಾತ್ರ ನೆನಪಿಲ್ಲ.

ಲೈಬ್ರರಿಯನ್ನರ ಗ್ರೂಪಿನಲ್ಲೂ ಇದೇ. ಹೊಸದಾಗಿ ಸೇರಿದವರಿಗೆ ಹಳೇ ಮಾತು ಸಾಮಾನ್ಯವಾಗಿ ಕಾಣಲ್ಲ. ಗೂಗಲ್‌ನಲ್ಲಿ ಹುಡುಕಿದ್ರೆ ಸಿಗಲ್ಲ. ಫೋನ್ ಕಳೆದ್ರೆ ಅದೂ ಇಲ್ಲ. ರಂಗನಾಥನ್ ಅವರ ನಾಲ್ಕನೇ ಸೂತ್ರ ನೆನಪಿದೆಯಾ? ಓದುಗರ ಸಮಯ ಉಳಿಸೋಕೆ ಅಂತ ಪುಸ್ತಕಕ್ಕೆ ನಂಬರ್ ಹಾಕಿ, ಕಾರ್ಡ್ ಬರೆದು, ಕಪಾಟು ಜೋಡಿಸೋ ವೃತ್ತಿಯವರೇ ತಮ್ಮ ಮಾತನ್ನ ಮಾತ್ರ ರಾಶಿ ಹಾಕಿ ಬಿಡ್ತಿದ್ದಾರೆ.

ಕೋಹಾದ ಇಮೇಲ್ ಪಟ್ಟಿಯಲ್ಲಿ ಹತ್ತಾರು ವರ್ಷದ ಹಿಂದಿನ ಪ್ರಶ್ನೆ, ಉತ್ತರ ಈಗಲೂ ಓದಬಹುದು. ಅದರ ಐಆರ್‌ಸಿ ಕೋಣೆಯ ಮಾತಿಗೂ ದಾಖಲೆ ಇದೆ. ಈಗಿನವರಿಗೆ ಅಂತ ಮ್ಯಾಟರ್‌ಮೋಸ್ಟ್ ಅನ್ನೋ ಚಾಟನ್ನೂ ಅವರು ಇಟ್ಟುಕೊಂಡಿದ್ದಾರೆ, ಅದೂ ಮುಕ್ತ ತಂತ್ರಾಂಶ, ತಮ್ಮದೇ ವಿಳಾಸದಲ್ಲಿ.

ಭಾಗ 8

ಹಾಗಾದ್ರೆ ಎಲ್ಲರೂ ಇಂಗ್ಲಿಷ್ ಪಟ್ಟಿಗೆ ಹೋಗಿ ಅಂತ ಹೇಳಿ ಮುಗಿಸಬಹುದಿತ್ತು. ಆಗಲ್ಲ. ಮೊದಲನೇ ಭಾಗದ ಡಬ್ಬಿ ಡಬ್ಬಿ ಅಕ್ಷರ ಇನ್ನೂ ಅಲ್ಲೇ ಇದೆ.

ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿ ಎಷ್ಟೋ ಲೈಬ್ರರಿಗಳಲ್ಲಿವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸ್ತಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್. ಅದನ್ನ ಹಾಗೇ ಕೋಹಾಗೆ ಹಾಕಿದ್ರೆ ಕಸ ಕಾಣುತ್ತೆ, ಹುಡುಕಿದ್ರೆ ಏನೂ ಸಿಗಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಅರ್ಕಾವತ್ತು, ಒತ್ತಕ್ಷರ ಸರಿ ಬಂದಿದೆಯಾ ಅಂತ ಒಂದೊಂದಾಗಿ ನೋಡಬೇಕು. ಇದನ್ನ ನ್ಯೂಜಿಲೆಂಡಿನವರನ್ನ ಕೇಳಿದ್ರೆ ಪಾಪ, ಅವರಿಗೆ ಅರ್ಕಾವತ್ತು ಏನಂತ ಗೊತ್ತು? ಇದಕ್ಕೆ ಉತ್ತರ ಇರೋದು ಕನ್ನಡದವರ ಹತ್ರಾನೇ.

ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕು ಅಂತ ಹಠ ಹಿಡಿದವರಲ್ಲಿ ಒಬ್ಬರು ನಮ್ಮ ಪಕ್ಕದ ತಾಲ್ಲೂಕಿನವರೇ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಜೊತೆ ಕುವೆಂಪು ಹೆಸರಿನ ತಂತ್ರಾಂಶಕ್ಕೆ ಅವರು ಓಡಾಡಿದ್ರು. 2005ರಲ್ಲಿ ಶುರುವಾದ ಸಂಪದ ಅನ್ನೋ ಕನ್ನಡ ತಾಣ ಡ್ರೂಪಲ್ ಅನ್ನೋ ಮುಕ್ತ ತಂತ್ರಾಂಶದ ಮೇಲೆ ನಿಂತಿತ್ತು, ಅಲ್ಲಿ ಕಂಪ್ಯೂಟರಿನ ಚರ್ಚೆಯೂ ಕನ್ನಡದಲ್ಲೇ ನಡೀತಿತ್ತು. ಅಂದ್ರೆ ಕನ್ನಡದಲ್ಲಿ, ತೆರೆದ ಜಾಗದಲ್ಲಿ, ಹುಡುಕಿದ್ರೆ ಸಿಗೋ ಹಾಗೆ ಮಾತಾಡೋದು ಆಗದ ಕೆಲಸ ಏನಲ್ಲ. ಆಗಿದೆ.

ಭಾಗ 9

ನಿಮ್ಮಲ್ಲಿ ಲೈಬ್ರರಿ ಸೈನ್ಸ್ ಓದ್ತಿರೋರು ಇದ್ದೀರ, ಕಾಲೇಜ್ ಲೈಬ್ರರಿಯಲ್ಲಿ ಕಂಪ್ಯೂಟರಿಗೆ ಕೈ ಜೋಡಿಸೋರೂ ಇದ್ದೀರ. ನಾಳೆ ನಿಮಗೇ ಈ ಪ್ರಶ್ನೆ ಬರುತ್ತೆ, ಅದಕ್ಕೆ ನಾನಾದ್ರೆ ಹೀಗೆ ಮಾಡ್ತೀನಿ.

ತುರ್ತು ಇದ್ದಾಗ, ಬಾಗಿಲಲ್ಲಿ ಓದುಗರು ಕಾಯ್ತಿದ್ದಾಗ, ವಾಟ್ಸಾಪ್ ಗ್ರೂಪ್. ನಾಚಿಕೆ ಬೇಡ. ಆದ್ರೆ ಓದುಗರ ಹೆಸರು, ಫೋನ್ ನಂಬರ್ ಇರೋ ಸ್ಕ್ರೀನ್‌ಶಾಟ್ ಎಲ್ಲೂ ಹಾಕಬೇಡಿ. ಯಾರು ಯಾವ ಪುಸ್ತಕ ತಗೊಂಡ್ರು ಅನ್ನೋದು ಅವರ ಸ್ವಂತ ವಿಷಯ. ಉತ್ತರ ಸಿಕ್ಕಿ ಕೆಲಸ ಆದ್ಮೇಲೆ ಐದು ನಿಮಿಷ ಕೂತು, ತೊಂದರೆ ಏನಿತ್ತು, ಯಾವ ಆವೃತ್ತಿ, ಏನು ಮಾಡಿದ್ರೆ ಸರಿಹೋಯ್ತು ಅಂತ ಕನ್ನಡದಲ್ಲೇ ಬರೆದು, ಯಾರು ಬೇಕಾದ್ರೂ ಹುಡುಕಿ ಓದೋ ಕಡೆ ಹಾಕಿ.

ತಂತ್ರಾಂಶದ್ದೇ ದೋಷ ಅನ್ನಿಸಿದ್ರೆ ಗ್ರೂಪಿನಲ್ಲಿ ಗೊಣಗಿದ್ರೆ ಪ್ರಯೋಜನ ಇಲ್ಲ, ಅದನ್ನ ರಿಪೇರಿ ಮಾಡೋರು ಅಲ್ಲಿ ಇರಲ್ಲ. ಕೋಹಾದ ಬಗ್‌ಜಿಲ್ಲಾದಲ್ಲಿ ದಾಖಲಿಸಬೇಕು. ದೊಡ್ಡ ಪ್ರಶ್ನೆ ಇದ್ರೆ ಇಮೇಲ್ ಪಟ್ಟಿಗೆ. ಇಂಗ್ಲಿಷ್ ತಪ್ಪಾದ್ರೆ ಯಾರೂ ನಗಲ್ಲ, ಆ ಪಟ್ಟಿಗೆ ಬರೆಯೋರಲ್ಲಿ ಎಷ್ಟೋ ಜನರ ಮನೆಮಾತು ಇಂಗ್ಲಿಷ್ ಅಲ್ಲ. ಹೌದು, ಬರೆದದ್ದು ವರ್ಷಗಟ್ಟಲೆ ನಿಮ್ಮ ಹೆಸರಲ್ಲೇ ಉಳಿಯುತ್ತೆ, ಅದೊಂದು ಅಳುಕು ನನಗೂ ಇದೆ. ಆದ್ರೆ ಅದೇ ಕಾರಣಕ್ಕೆ ನಾಲ್ಕು ವರ್ಷದ ನಂತರ ಇನ್ಯಾವುದೋ ಊರಿನವರಿಗೆ ಅದು ಸಿಗುತ್ತೆ.

ಚಾಟ್ ಕೋಣೆಗೆ ಹೋಗೋರು ಗಡಿಯಾರ ನೋಡ್ಕೊಳ್ಳಿ. ನಮ್ಮ ಬೆಳಿಗ್ಗೆ 9 ಗಂಟೆ ಅಂದ್ರೆ ನ್ಯೂಜಿಲೆಂಡಿನ ಚಳಿಗಾಲದಲ್ಲಿ ಮಧ್ಯಾಹ್ನ 3:30. ನಾವು ಊಟ ಮಾಡಿ ಬರೋ ಹೊತ್ತಿಗೆ ಅವರು ಮನೆಗೆ ಹೋಗಿರ್ತಾರೆ. ನಮ್ಮಲ್ಲಿ ಮಳೆ ಹಿಡಿದು ಎರಡು ದಿನ ಕರೆಂಟ್ ಹೋದ್ರೂ ಕಾಯೋದು ಇಮೇಲೇ.

ಕೋಹಾದ ಪರದೆಯ ಮೇಲಿನ ಪದಗಳನ್ನ ಕನ್ನಡಕ್ಕೆ ತರೋ ಕೆಲಸವೂ ಸ್ವಯಂಸೇವಕರದ್ದೇ. ಅನುವಾದದ ಪುಟದಲ್ಲಿ ಕನ್ನಡದ ಹೆಸರಿದೆ, ಖಾಲಿ ಸಾಲುಗಳೂ ಇವೆ. "ಹೋಲ್ಡ್" ಅನ್ನೋದಕ್ಕೆ ಕನ್ನಡದಲ್ಲಿ ಏನ್ ಹಾಕ್ತೀರ ಅಂತ ಯೋಚಿಸಿ ನೋಡಿ. ಕಾದಿರಿಸು? ತಡೆ? ಹಿಡಿದಿಡು? ಲೈಬ್ರರಿ ಕೌಂಟರಿನಲ್ಲಿ ನಮ್ಮ ಜನ ಹೇಳೋದಂತೂ "ನನಗೆ ಅಂತ ಎತ್ತಿಡಿ ಸಾರ್".

ಮುಂದಿನ ಸರಣಿ: ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯೋ ರೈಲು ದಾರಿ.

#ಸಕಲೇಶಪುರ #ಆಲೂರು #ಹಾಸನ #ಲೈಬ್ರರಿ #ಮುಕ್ತತಂತ್ರಾಂಶ #ಕೋಹಾ #ಕನ್ನಡಚರಿತ್ರೆ